ಗದ್ದೆಯ ಪಸೆ ಆರುವ ಮುಂಚೆ

ಜನವರಿಯ ನಸುಕಿನಲ್ಲಿ ಪಣಜಿಯ ಉಷ್ಣಾಂಶ ಇಳಿದರೂ 20 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮಧ್ಯಾಹ್ನ ಮತ್ತೆ 30 ದಾಟುತ್ತದೆ. ಅಷ್ಟಕ್ಕೇ ನಮ್ಮ ಓಣಿಯ ಹಿರಿಯರು ಕಿವಿಗೆ ಮಫ್ಲರ್ ಸುತ್ತಿಕೊಂಡು ಹಾಲು ತರಲು ಹೊರಡುತ್ತಾರೆ. ಬೀದರಿನಿಂದ ಬಂದಿದ್ದ ನನ್ನ ಚಿಕ್ಕಮ್ಮ ಇದನ್ನು ಕಂಡು, "ಇದಕ್ಕೂ ಥಂಡಿ ಅಂತಾರೇನವಾ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ಅದೇ ವಾರ ಅವರ ಮೊಬೈಲಿಗೂ ನನ್ನ ಮೊಬೈಲಿಗೂ ಒಂದೇ ಪಟ್ಟಿ ಬಂದು ಬಿದ್ದಿತ್ತು: ಚಳಿಗಾಲದಲ್ಲಿ ಮೈಗೆ ಕಾವು ಕೊಡುವ ಹತ್ತು ತಿನಿಸು. ಸಾಸಿವೆ ಸೊಪ್ಪು, ಅಂಟಿನುಂಡೆ, ಗಜ್ಜರಿ ಹಲ್ವಾ, ತುಪ್ಪದಲ್ಲಿ ಹುರಿದ ಗೋಡಂಬಿ ಬಾದಾಮಿ. ಪಂಜಾಬಿನ ಚಳಿಗೆ ಹೊಲಿಸಿದ ಅಂಗಿ ಇದು. ಬೀದರಿಗೆ ಅರ್ಧಂಬರ್ಧ ಹೊಂದೀತು. ಗೋವೆಯವರು ತೊಟ್ಟರೆ ಬೆವರಬೇಕು.

ಹಾಗಾದರೆ ಗೋವೆಯಲ್ಲಿ ಚಳಿಗಾಲದ ಅಡುಗೆ ಎಂಬುದೊಂದು ಇದೆಯೇ? ಮದುವೆಯಾಗಿ ಧಾರವಾಡದಿಂದ ಫೋಂಡಾಕ್ಕೆ ಬಂದ ಮೊದಲ ವರ್ಷಗಳಲ್ಲಿ ನಾನು ಇಲ್ಲ ಎಂದೇ ತಿಳಿದಿದ್ದೆ. ಹವೆಯಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ, ಗದ್ದೆಗೆ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ. ಮಳೆಗಾಲದ ಭತ್ತಕ್ಕೆ 'ಸೊರದ್' ಎನ್ನುತ್ತಾರೆ. ಅದರ ಕೊಯ್ಲು ಮುಗಿಯುವ ಹೊತ್ತಿಗೆ ಮಳೆ ನಿಂತಿರುತ್ತದೆ, ಆದರೆ ಗದ್ದೆಯ ಒಡಲಲ್ಲಿ ಪಸೆ ಉಳಿದಿರುತ್ತದೆ. ನೀರಿನ ಅನುಕೂಲ ಇದ್ದವರು 'ವಾಯಂಗಣ' ಎಂಬ ಎರಡನೇ ಭತ್ತ ನಾಟಿ ಮಾಡುತ್ತಾರೆ. ಇಲ್ಲದವರು ಆ ಪಸೆಯನ್ನೂ ರಾತ್ರಿಯ ಇಬ್ಬನಿಯನ್ನೂ ನೆಚ್ಚಿ ಅಲಸಂದೆ, ಮೂಲಂಗಿ, ಕೆಂಪು ಹರಿವೆ, ಗೆಣಸು, ಮೆಣಸಿನ ಗಿಡ ಹಾಕುತ್ತಾರೆ. ನಮ್ಮ ಕಡೆ ಎರೆಹೊಲದ ಹಸಿಯ ಮೇಲೆ ಹಿಂಗಾರಿ ಜೋಳ, ಕಡಲೆ, ಕುಸುಬಿ ಬರುವುದೂ ಇದೇ ಲೆಕ್ಕದಲ್ಲಿ. ಮಳೆ ಇಲ್ಲದ ತಿಂಗಳಲ್ಲಿ, ಮಳೆ ಬಿಟ್ಟುಹೋದ ನೀರಿನಲ್ಲಿ ಬೆಳೆದದ್ದು: ಚಳಿಗಾಲದ ಆಹಾರಕ್ಕೆ ನಾನು ಕೊಡಬಲ್ಲ ವ್ಯಾಖ್ಯೆ ಇದು. ಉಷ್ಣ-ಥಂಡಿಯ ಜಗಳ ಆಮೇಲಿನದು.

ಮಾಪಸಾದ ಶುಕ್ರವಾರದ ಸಂತೆಗೆ ಡಿಸೆಂಬರಿನಲ್ಲಿ ಹೋದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಒಂದು ಕಡೆ ಒಂದೇ ಅಳತೆಯ ಹೂಕೋಸು, ಗಜ್ಜರಿ, ದೊಣ್ಣೆ ಮೆಣಸಿನಕಾಯಿ ಗುಡ್ಡೆ ಹಾಕಿರುತ್ತಾರೆ. ಅದು ಬೆಳಗಾವಿಯ ಮಾಲು, ರಾತ್ರಿ ಲಾರಿಯಲ್ಲಿ ಘಟ್ಟ ಇಳಿದು ಬಂದದ್ದು. ಇನ್ನೊಂದು ಕಡೆ ನೆಲಕ್ಕೆ ಗೋಣಿ ಹಾಸಿ ಕೂತ ಹೆಂಗಸರು. ಅವರ ಮುಂದೆ ಬೇರಿನ ಮಣ್ಣು ಇನ್ನೂ ಒಣಗದ ಹರಿವೆಯ ಕಟ್ಟು, ಎಲೆ ಸಮೇತ ಮೂಲಂಗಿ, ಸೊಟ್ಟ ಬದನೆ. ಇದು 'ಗಾಂವ್ಟಿ', ಅಂದರೆ ಊರಿನದು. ಗಾಂವ್ಟಿ ಎಂದ ಕೂಡಲೇ ದರ ಏರುತ್ತದೆ. ಚೌಕಾಸಿ ಮಾಡಿದರೆ "ಬೇಕಾದರೆ ಬೆಳಗಾವಿಯದ್ದು ತಗೋ" ಎಂದು ಕೊಂಕಣಿಯಲ್ಲಿ ಗದರುತ್ತಾರೆ. ಬೆಳಗಾವಿಯ ದಾರಿಯಲ್ಲೇ ತವರಿಗೆ ಹೋಗಿಬರುವ ನನಗೆ ಆ ಗದರಿಕೆ ಸ್ವಲ್ಪ ಚುಚ್ಚುತ್ತದೆ.

ಆದರೂ ಗೋವೆ ನಿತ್ಯ ಉಣ್ಣುವುದು ಬೆಳಗಾವಿಯ ತರಕಾರಿಯನ್ನೇ. ರಾಜ್ಯದ ತೋಟಗಾರಿಕೆ ನಿಗಮ ಊರೂರಿನ ಗೂಡಂಗಡಿಗಳಲ್ಲಿ ರಿಯಾಯಿತಿ ದರಕ್ಕೆ ತರಕಾರಿ ಮಾರುತ್ತದೆ. ಸ್ಥಳೀಯ ರೈತರಿಂದಲೂ ಕೊಳ್ಳುತ್ತದೆ, ಆದರೆ ಹೆಚ್ಚಿನ ಪಾಲು ಘಟ್ಟದ ಮೇಲಿನದೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಗಡಿಯಲ್ಲಿ ಲಾರಿಗಳು ನಿಂತಾಗ ಎರಡೇ ದಿನದಲ್ಲಿ ಇಲ್ಲಿಯ ಅಂಗಡಿಗಳು ಬರಿದಾದದ್ದನ್ನು ಯಾರೂ ಮರೆತಿಲ್ಲ. ಆಗ ಹಿತ್ತಲಲ್ಲಿ ನಾಲ್ಕು ಬಸಳೆ ಬಳ್ಳಿ, ಒಂದು ನುಗ್ಗೆ ಮರ ಇದ್ದವರೇ ಶ್ರೀಮಂತರು. ಅನೇಕರು ಮರುವರ್ಷ ಪಾಳುಬಿದ್ದ ಗದ್ದೆಗೆ ಗುದ್ದಲಿ ಹಾಕಿದರು. ಕೆಲವರು ಬೀಡಾಡಿ ದನಗಳ ಕಾಟಕ್ಕೆ ಸೋತು ಮತ್ತೆ ಬಿಟ್ಟರು. ಕೊಯ್ಲಾದ ಮೇಲೆ ದನ ಬಿಡುವ ಊರಿನಲ್ಲಿ ಒಬ್ಬನೇ ಚಳಿಗಾಲದ ಬೆಳೆ ಇಟ್ಟರೆ ಅವನು ಬೆಳೆಗಿಂತ ಬೇಲಿಗೇ ಹೆಚ್ಚು ದುಡಿಯಬೇಕು.

ಗಾಂವ್ಟಿ ಎಂದ ಮಾತ್ರಕ್ಕೆ ಅದಕ್ಕೆ ಆರತಿ ಎತ್ತಬೇಕಿಲ್ಲ. ಬೆಳಗಾವಿಯ ಹಸಿ ಬಟಾಣಿಗೂ ಗಜ್ಜರಿಗೂ ಇದೇ ಹಂಗಾಮು, ಅವೂ ಚಳಿಗಾಲದ ಮಕ್ಕಳೇ. ಗೆಡ್ಡೆ, ಬೇರು, ಕಾಳು ನೂರಿಪ್ಪತ್ತು ಕಿಲೋಮೀಟರ್ ಪ್ರಯಾಣ ತಾಳುತ್ತವೆ. ತಾಳದಿರುವುದು ಸೊಪ್ಪು. ಕಿತ್ತ ಗಳಿಗೆಯಿಂದ ಅದರ ಸಿ ಜೀವಸತ್ವ ಸೋರಲು ಶುರು, ಬಾಡಿದಷ್ಟೂ ನಷ್ಟ. ಆದ್ದರಿಂದ ನಾನು ಮಾಡಿಕೊಂಡ ನೇಮ ಸರಳ: ಸೊಪ್ಪು ಇಲ್ಲಿಯದು, ಉಳಿದದ್ದು ಎಲ್ಲಿಯದಾದರೂ ಸರಿ.

ಆ ಸೊಪ್ಪಿನ ಪಟ್ಟಕ್ಕೆ ಇಲ್ಲಿ ಹಕ್ಕುದಾರಿ 'ತಾಂಬಡಿ ಭಾಜಿ', ನಮ್ಮ ಕೆಂಪು ಹರಿವೆ. ಒಗ್ಗರಣೆಗೆ ಈರುಳ್ಳಿ, ಹಸಿಮೆಣಸು, ಮೇಲೆ ಹೆಚ್ಚಿದ ಸೊಪ್ಪು, ಅದರದೇ ನೀರು, ಹತ್ತು ನಿಮಿಷ, ಕೊನೆಗೆ ಒಂದು ಹಿಡಿ ತೆಂಗಿನ ತುರಿ. ಅನ್ನ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ನೋಡಲೆಂದೇ ಮಕ್ಕಳು ಉಣ್ಣುತ್ತಾರೆ. ಕೆಡುವುದು ಎರಡು ಕಡೆ. ಒಂದು, ಹೆಚ್ಚಿದ ಮೇಲೆ ತೊಳೆಯುವುದು. ತಟ್ಟೆಗೆ ಬರಬೇಕಾದ ಕೆಂಪು ಸಿಂಕಿನಲ್ಲಿ ಹರಿದು ಹೋಗುತ್ತದೆ, ಅದರ ಜೊತೆ ನೀರಿನಲ್ಲಿ ಕರಗುವ ಸತ್ವಗಳೂ. ಇನ್ನೊಂದು, ಸೊಪ್ಪಿನಲ್ಲಿ ಕಬ್ಬಿಣಾಂಶ ಇದೆ ಎಂದು ನಂಬಿ ಅಷ್ಟಕ್ಕೇ ನಿಲ್ಲುವುದು. ಸೊಪ್ಪಿನ ಕಬ್ಬಿಣವನ್ನು ಮೈ ಬಹಳ ಜಿಪುಣತನದಿಂದ ಹೀರಿಕೊಳ್ಳುತ್ತದೆ. ಅದೇ ಊಟದಲ್ಲಿ ಹುಳಿ ಹಣ್ಣೊಂದು ಇದ್ದರೆ ಕೈ ಸ್ವಲ್ಪ ಸಡಿಲವಾಗುತ್ತದೆ. ಹಾಗಾಗಿ ಒಲೆ ಆರಿಸಿದ ಮೇಲೆ ಅರ್ಧ ಲಿಂಬೆ ಹಿಂಡಬೇಕು, ಇಲ್ಲವೇ ಪಕ್ಕದಲ್ಲಿ ನೆಲ್ಲಿಕಾಯಿ ಚಟ್ನಿ ಇರಬೇಕು. ಊಟ ಮುಗಿಯುತ್ತಲೇ ಚಹಾ ಕುಡಿಯುವ ನಮ್ಮ ಚಟ ಈ ಗಳಿಕೆಯನ್ನು ಅಳಿಸಿಹಾಕುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗೋವೆಯ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 39ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಮೀನು, ಸೊಪ್ಪು ಎರಡೂ ಇರುವ ನಾಡಿನಲ್ಲಿ! ಅರ್ಧ ಲಿಂಬೆಯಿಂದ ಅದು ಪೂರ್ತಿ ಬಗೆಹರಿಯದು, ಆದರೆ ಅರ್ಧ ಲಿಂಬೆಗೆ ಖರ್ಚಾದರೂ ಎಷ್ಟು?

ಇನ್ನು ಅಲಸಂದೆ. ಕೊಂಕಣಿಯಲ್ಲಿ ಇದು 'ಆಳಸಾಂದೆ'. ಸಂತೆಯಲ್ಲಿ ನನಗೆ ಮೊದಲು ಅರ್ಥವಾದ ಕೊಂಕಣಿ ಪದ ಇದೇ, ಮನೆಯವರೇ ಕರೆದಂತೆ ಆಗಿತ್ತು. ಆದರೆ ಗೋವೆಯ ಅಲಸಂದೆ ನಮ್ಮ ಸಣ್ಣ ಕಾಳಿಗಿಂತ ದಪ್ಪ, ಬೆಂದರೆ ಬೆಣ್ಣೆಯಂತೆ ಒಡೆಯುತ್ತದೆ. ಭತ್ತ ಕೊಯ್ದ ಗದ್ದೆಗೆ ಬಿತ್ತುತ್ತಾರೆ. ಇತರ ದ್ವಿದಳಗಳ ಹಾಗೆ ಇದರ ಬೇರಿನ ಗಂಟುಗಳೂ ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟಿಕೊಡುತ್ತವೆ, ಮುಂದಿನ ಭತ್ತಕ್ಕೆ ಬುತ್ತಿ ಇಟ್ಟ ಹಾಗೆ. ಇದರ 'ತೊಣಾಕ್' ಮಾಡುವ ಕ್ರಮ ಹೀಗೆ: ತೆಂಗಿನ ತುರಿಯನ್ನು ಕಂದು ಬಣ್ಣ ಬರುವವರೆಗೆ ಹುರಿಯುವುದು, ಅದರೊಡನೆ ಕೊತ್ತಂಬರಿ ಬೀಜ, ಒಣಮೆಣಸು, ಮೆಣಸಿನ ಕಾಳು, ಲವಂಗ, ನುಣ್ಣಗೆ ರುಬ್ಬಿ ಬೆಂದ ಕಾಳಿಗೆ ಸೇರಿಸುವುದು. ಜೊತೆಗೆ ಪೊದೇರ್, ಅಂದರೆ ಬೇಕರಿಯವನು, ಸೈಕಲ್ಲಿನಲ್ಲಿ ಹಾರ್ನ್ ಬಾರಿಸುತ್ತ ತರುವ 'ಪೋಯ್', ಗೋಧಿಯ ತವುಡು ಹಚ್ಚಿದ ಟೊಳ್ಳು ರೊಟ್ಟಿ. ಕಾಳು, ತವುಡು ಎರಡೂ ನಾರಿನ ಗಣಿಗಳು. ಬೆಳಗಿನ ತಿಂಡಿಗೆ ಮೈದಾ ಪಾವ್ ಮತ್ತು ಜಾಮ್ ಕೊಡುವವರು ಒಮ್ಮೆ ಈ ಜೋಡಿಯನ್ನು ಯೋಚಿಸಲಿ. ಕಾಳು ರಾತ್ರಿ ನೆನೆಯಬೇಕು, ಸಾಧ್ಯವಾದರೆ ಮೊಳಕೆ ಬರಬೇಕು. ಹೊಟ್ಟೆಯುಬ್ಬರದ ದೂರು ಅರ್ಧ ಅಲ್ಲಿಗೇ ಕಡಿಮೆ.

ಬದನೆಯ ವಿಚಾರದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ, ಎಣ್ಣೆಗಾಯಿ ಬದನೆಯ ಎದುರು ಉಳಿದವು ನನಗೆ ತರಕಾರಿಗಳೇ ಅಲ್ಲ. ಆದರೂ ಆಗಶಿ ಊರಿನ ದಪ್ಪ ಬದನೆಗೆ ತಲೆಬಾಗುತ್ತೇನೆ. ಉಡುಪಿಯ ಮಟ್ಟುಗುಳ್ಳಕ್ಕೆ 2011ರಲ್ಲಿ ಸಿಕ್ಕ ಭೌಗೋಳಿಕ ಸೂಚಿಯ ಮಾನ ಇತ್ತೀಚೆಗೆ ಇದಕ್ಕೂ ಸಿಕ್ಕಿದೆ. ಹಾಳೆಯಂತೆ ಹೆಚ್ಚಿ, ಮಸಾಲೆ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕಡಿಮೆ ಎಣ್ಣೆಯಲ್ಲಿ ಸುಟ್ಟರೆ 'ಕಾಪ್'. ಅದನ್ನೇ ಎಣ್ಣೆಯಲ್ಲಿ ಮುಳುಗಿಸಿದರೆ ಬದನೆ ಸ್ಪಂಜಿನಂತೆ ಕುಡಿಯುತ್ತದೆ, ಆಮೇಲೆ ಆರೋಗ್ಯದ ಮಾತು ಎತ್ತಬಾರದು.

ಚಳಿಗಾಲದ ನಿಜವಾದ ಸಂಪತ್ತು ಮಣ್ಣಿನ ಕೆಳಗಿದೆ. ಗೋವೆಗೆ ತಾಗಿರುವ ನಮ್ಮ ಜೊಯಿಡಾ ತಾಲ್ಲೂಕಿನಲ್ಲಿ ಕುಣಬಿಗಳು ನಾನಾ ಬಗೆಯ ಗೆಡ್ಡೆಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಅಲ್ಲಿ ನಡೆಯುವ ಗೆಡ್ಡೆ-ಗೆಣಸು ಮೇಳಕ್ಕೆ ಒಮ್ಮೆಯಾದರೂ ಹೋಗಿಬರಬೇಕು. ಮಗುವಿನ ಗಾತ್ರದ ಕಾಡುಗೆಣಸನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ಗಡಿಯ ಈಚೆ ಕಾಣಕೋಣ, ಸಾಂಗೆಗಳ ಗಾವಡೆ, ವೇಳಿಪರ ಅಂಗಳದಲ್ಲೂ ಇವೇ ಗೆಡ್ಡೆಗಳು. ಸುವರ್ಣಗೆಡ್ಡೆ, ಕೆಸು, ಕಾಡುಗೆಣಸು ಮಳೆಗಾಲದಲ್ಲಿ ಎಲೆ ಬಿಟ್ಟು, ಮಳೆ ಮುಗಿದ ಮೇಲೆ ಎಲೆ ಒಣಗಿಸಿಕೊಂಡು, ತಿಂದುಂಡದ್ದನ್ನೆಲ್ಲ ಬುಡಕ್ಕೆ ಇಳಿಸುತ್ತವೆ. ಅಗೆಯುವ ಕಾಲ ಇದು.

ಇವೆಲ್ಲ ಕೂಡುವ ಪಾತ್ರೆ 'ಖತಖತೆ'. ಹಬ್ಬದ, ಶಿವ್ರಾಕ್ ದಿನದ, ಅಂದರೆ ಮೀನಿಲ್ಲದ ದಿನದ ಅಡುಗೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲ. ನನಗೆ ಇದನ್ನು ಕಲಿಸಿದವರು ಪಕ್ಕದ ಮನೆಯ ಎಂಬತ್ತು ದಾಟಿದ ಆಜಿ. ತೊಗರಿಬೇಳೆ ಬೇಯಲು ಇಟ್ಟು ಅವರು ಮೊದಲು ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದರು, ಸುವರ್ಣಗೆಡ್ಡೆ ಹೆಚ್ಚಲು. ಅದರಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಚರ್ಮಕ್ಕೂ ಗಂಟಲಿಗೂ ತುರಿಕೆ ತರುತ್ತವೆ. ಹುಳಿ ಸೇರಿದರೆ ತುರಿಕೆ ತಗ್ಗುತ್ತದೆ, ಅದಕ್ಕೇ ಸಾರಿಗೆ ಬಿರಿಂಡೆ (ಕೋಕಂ) ಸಿಪ್ಪೆ. ಆಮೇಲೆ ಗಟ್ಟಿಯಿಂದ ಮೆತ್ತಗೆ ಎಂಬ ಕ್ರಮದಲ್ಲಿ ತರಕಾರಿ: ಮೊದಲು ಸುವರ್ಣಗೆಡ್ಡೆ, ಕಾಡುಗೆಣಸು, ಬಳಿಕ ಮೂಲಂಗಿ, ಬಾಳೆಕಾಯಿ, ನುಗ್ಗೆ, ಕೊನೆಗೆ ಸಿಹಿಗೆಣಸು, ಕುಂಬಳ. ಒಮ್ಮೆಗೇ ಎಲ್ಲ ಸುರಿದು ಕುಕ್ಕರಿನ ಸೀಟಿ ಹಾಕಿಸಿದ್ದ ನನ್ನ ಮೊದಲ ಖತಖತೆಯನ್ನು ನೋಡಿ ಅವರು ಏನೂ ಅನ್ನಲಿಲ್ಲ, ಸೌಟಿನಲ್ಲಿ ಎತ್ತಿ ಎತ್ತಿ ಸುರಿದು ಕುಂಬಳಕಾಯಿಯನ್ನು ಹುಡುಕಿದರು. ಅದು ಇರಲಿಲ್ಲ. ಕರಗಿಹೋಗಿತ್ತು.

ತೆಂಗಿನಕಾಯಿ, ಒಣಮೆಣಸು, ಅರಿಸಿನ ರುಬ್ಬಿ ಹಾಕಿ, ಚೂರು ಬೆಲ್ಲ ಸೇರಿಸಿದ ಮೇಲೆ ಕಟ್ಟಕಡೆಗೆ ಬರುವುದು 'ತೆಫಳ'. ಉತ್ತರ ಕನ್ನಡದವರ ಜುಮ್ಮನಕಾಯಿ. ಒಣಗಿದ ಸಿಪ್ಪೆಯೊಳಗಿನ ಕರಿ ಬೀಜ ಕಹಿ, ಅದನ್ನು ತೆಗೆದು ಸಿಪ್ಪೆಯನ್ನು ತುಸು ಜಜ್ಜಿ ನೀರಿನಲ್ಲಿ ಹಿಂಡಿ ಕುದಿಗೆ ಬಿಡುತ್ತಾರೆ. ಇಡೀ ಮನೆಗೆ ಕಾಡಿನ ವಾಸನೆ ಬರುತ್ತದೆ. ಜಗಿದರೆ ನಾಲಿಗೆ ಮರಗಟ್ಟುತ್ತದೆ. ಪರಂಪರೆಯ ಅಡುಗೆ ಎಂದು ಎದೆಯುಬ್ಬಿಸುವವರಿಗೆ ಒಂದು ತಮಾಷೆ ಹೇಳಬೇಕು: ಈ ಪಾತ್ರೆಯಲ್ಲಿರುವ ಸಿಹಿಗೆಣಸು, ಕುಂಬಳ, ಮೆಣಸಿನಕಾಯಿ ಎಲ್ಲವೂ ಅಮೆರಿಕದವು. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರ ಕಾಲದ ಹಡಗು ವ್ಯಾಪಾರದಲ್ಲಿ ಈ ಕಡೆಗೆ ಬಂದವು. ಸುವರ್ಣಗೆಡ್ಡೆ, ಬಾಳೆಕಾಯಿ, ತೆಫಳ ಹಳೆಯ ಮನೆವಾಸಿಗಳು. ಒಲೆ ಯಾರನ್ನೂ ಊರು ಕೇಳಿ ಒಳಗೆ ಬಿಟ್ಟಿಲ್ಲ.

ಇಂಥ ಒಂದು ಪಾತ್ರೆಯಲ್ಲಿ ಏಳೆಂಟು ತರಕಾರಿ ಮನೆಮಂದಿಯ ಹೊಟ್ಟೆ ಸೇರುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎನ್ನುತ್ತದೆ. ತೂಗಿ ನೋಡಿ, ನಮ್ಮ ತಟ್ಟೆಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಒಂದು ಚಮಚ ಪಲ್ಯಕ್ಕೆ ನಾಲ್ಕು ಸೌಟು ಅನ್ನ, ನಮ್ಮ ಲೆಕ್ಕ ಅದು. ಖತಖತೆ ಮಾಡಿದ ದಿನ ಮಾತ್ರ ಈ ಲೆಕ್ಕ ತಿರುಗುಮುರುಗಾಗುತ್ತದೆ.

ಅನ್ನದ ಮಾತು ಬಂದದ್ದರಿಂದ ಕಹಿ ಸಂಗತಿಯೊಂದನ್ನು ಹೇಳಲೇಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನದಲ್ಲಿ ಮಧುಮೇಹದ ಪಟ್ಟಿಯ ತುದಿಯಲ್ಲಿ ನಿಂತದ್ದು ಗೋವೆ: ವಯಸ್ಕರಲ್ಲಿ ಶೇಕಡ 26.4. ದೇಶದ ಸರಾಸರಿ 11.4. ಗೋವೆಯಲ್ಲಿ ನಾಲ್ಕರಲ್ಲಿ ಒಬ್ಬರು! ಎಲ್ಲ ತಪ್ಪನ್ನೂ ಅನ್ನದ ತಲೆಗೆ ಕಟ್ಟುವಂತಿಲ್ಲ. ಇದು ಪಟ್ಟಣ ಹೆಚ್ಚಿರುವ, ವಯಸ್ಸಾದವರು ಹೆಚ್ಚಿರುವ, ಓಡಾಟಕ್ಕೆ ಸ್ಕೂಟರೇ ಗತಿಯಾದ ರಾಜ್ಯ. ಆದರೆ ಇಲ್ಲಿಯ ಚಳಿಗಾಲ ಸಿಹಿಯ ಕಾಲವೂ ಹೌದು. ದೀಪಾವಳಿಯ ಅವಲಕ್ಕಿಗೆ ಬೆಲ್ಲ, ಕ್ರಿಸ್‌ಮಸ್‌ಗೆ ದೊದೊಲ್, ಬೆಬಿಂಕ, ನೆವ್ರಿ, ಅದು ಮುಗಿಯುವಷ್ಟರಲ್ಲಿ ಸಂಕ್ರಾಂತಿಯ ಎಳ್ಳುಂಡೆ. ಅದರ ಮೇಲೆ 'ಕಾವಿಗೆ' ಎಂದು ಅಂಟಿನುಂಡೆಯನ್ನೂ ತುಪ್ಪದ ಹಲ್ವಾವನ್ನೂ ಹೇರಿಕೊಳ್ಳಲು ಹೇಳುವ ಪಟ್ಟಿಗಳನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಹಬ್ಬದ ಸಿಹಿ ಹಬ್ಬಕ್ಕಿರಲಿ, ಅದನ್ನು ಔಷಧ ಎಂದು ಕರೆಯುವುದು ಬೇಡ. ಗೆಡ್ಡೆಗಳಲ್ಲೂ ಪಿಷ್ಟ ಇದೆ. ಗೆಣಸನ್ನು ಅನ್ನದ ಬದಲಿಗೆ ತಿಂದರೆ ಅದು ಆಹಾರ, ಅನ್ನದ ಮೇಲೆ ತಿಂದರೆ ಹೊರೆ. ಕೆಂಡದಲ್ಲಿ ಸುಟ್ಟದ್ದಕ್ಕಿಂತ ಬೇಯಿಸಿದ ಗೆಣಸು ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ. ಸುಟ್ಟದ್ದರ ರುಚಿ ಬೇರೆಯೇ, ಒಪ್ಪುತ್ತೇನೆ.

ಅಕ್ಕಿಯಲ್ಲೂ ಆಯ್ಕೆ ಇದೆ. ಹಳೆಯ ಗೋವೆಯ 'ಪೇಜ್' ನಮ್ಮ ಕರಾವಳಿಯ ಕುಚಲಕ್ಕಿ ಗಂಜಿಯೇ. ಭತ್ತವನ್ನು ಹೊಟ್ಟಿನೊಡನೆ ಬೇಯಿಸಿದಾಗ ತವುಡಿನ ಬಿ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿಯುತ್ತವೆ, ಗಿರಣಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಉಪ್ಪುನೀರಿನ ಖಾಜಾನ್ ಗದ್ದೆಗಳಲ್ಲಿ ಬೆಳೆಯುವ ಕೊರಗುಟ್ ಭತ್ತದ ಗಂಜಿಗೆ ಈಗಲೂ ಒಲವುಳ್ಳವರಿದ್ದಾರೆ. ಕುಮಟೆಯ ಗಜನಿ ಗದ್ದೆಗಳ ಕಗ್ಗ ಭತ್ತ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಣ್ಣು, ಮೀನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನೆಲ್ಲಿಕಾಯಿಯ ಸಿ ಜೀವಸತ್ವ 100 ಗ್ರಾಮಿಗೆ 600 ಮಿಲಿಗ್ರಾಂ ಎಂಬ ಹಳೆಯ ಅಂಕಿ ಈಗಲೂ ಓಡಾಡುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ ಅದು ಸುಮಾರು 250ಕ್ಕೆ ಇಳಿದಿದೆ. ಪೇರಲ ಅದರ ಹತ್ತಿರವೇ ಇದೆ, ರುಚಿಯೂ ಹೆಚ್ಚು. ಮೀನಿನಲ್ಲಿ ದುಬಾರಿ ಇಸವಣವನ್ನು ಹೊಗಳುವವರ ನಡುವೆ ಬಂಗಡೆ, ತಾರ್ಲೆಗಳಂಥ ಬಡವರ ಮೀನೇ ಹೃದಯಕ್ಕೆ ಹಿತವಾದ ಕೊಬ್ಬಿನಲ್ಲಿ ಮುಂದು. ಶಾಕಾಹಾರಿಯಾದ ನಾನು ಇದಕ್ಕಿಂತ ಹೆಚ್ಚು ಹೇಳಿದರೆ ಓಣಿಯವರು ನಗುತ್ತಾರೆ.

ಗೋವೆಯ ಒಲೆಗಳೆಲ್ಲ ಗೋವೆಯವರದೇ ಅಲ್ಲ. ವಾಸ್ಕೋದ ಬಾಯ್ನಾ, ಝುವಾರಿನಗರಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ, ಬಂದರಿನ ಕೆಲಸಕ್ಕೆ ಬಂದು ನೆಲೆಸಿದ ಕುಟುಂಬಗಳಿವೆ. ಅವರ ಒಲೆಯ ಮೇಲೆ ಚಳಿಗಾಲ ಅಂದರೆ ಸಜ್ಜಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಇಲ್ಲಿ ಹೊಲ ಇಲ್ಲ, ಕುಂಡದಲ್ಲಿಯ ತುಳಸಿಗೇ ಚೆಲ್ಲುವವರನ್ನು ಕಂಡಿದ್ದೇನೆ. ಊರಿನಿಂದ ಬರುವ ಸಜ್ಜಿ ಹಿಟ್ಟು ಗೋವೆಯ ತೇವದ ಹವೆಯಲ್ಲಿ ಹದಿನೈದು ದಿನಕ್ಕೆ ಕಹಿಯಾಗುತ್ತದೆ. ಸಜ್ಜಿಯಲ್ಲಿ ಕೊಬ್ಬಿನಂಶ ಹೆಚ್ಚು, ಬೀಸಿದ ಕೂಡಲೇ ಕಾಳಿನದೇ ಕಿಣ್ವಗಳು ಆ ಕೊಬ್ಬನ್ನು ಒಡೆಯಲು ತೊಡಗುತ್ತವೆ. ಬಾಗಲಕೋಟೆಯ ಕಡೆಯ ನನ್ನ ಗೆಳತಿಯೊಬ್ಬಳು ಇದಕ್ಕೆ ಕಂಡುಕೊಂಡ ದಾರಿ, ಕಾಳನ್ನೇ ತರಿಸಿ ವಾರಕ್ಕೆ ಒಂದೊಂದೇ ಕಿಲೋ ಬೀಸಿಸುವುದು. ಬೀಸುವ ಮುಂಚೆ ಕಾಳನ್ನು ಕುದಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ಒಣಗಿಸಿದರೆ ಹಿಟ್ಟು ಇನ್ನೂ ಕೆಲ ದಿನ ತಾಳುತ್ತದೆ. ಅಷ್ಟು ಪುರಸೊತ್ತು ಯಾರಿಗಿದೆ ಎನ್ನುತ್ತಾಳೆ ಅವಳು.

ಸಂಕ್ರಾಂತಿಯ ಮುನ್ನಾದಿನ ಭೋಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅದರೊಡನೆ ಭೋಗಿ ಪಲ್ಯ: ಅವರೆ, ಹಸಿ ಕಡಲೆ, ಗಜ್ಜರಿ, ಬದನೆ, ಹಸಿ ಶೇಂಗಾ, ಮೆಂತ್ಯ, ಮೇಲೆ ಎಳ್ಳಿನ ಪುಡಿ. ಆ ಹಂಗಾಮಿನ ಹೊಲದಲ್ಲಿ ಏನೇನಿದೆಯೋ ಅದೆಲ್ಲ. ಬೇಳೆಯ ಜಾಗದಲ್ಲಿ ಶೇಂಗಾ, ತೆಂಗಿನ ಜಾಗದಲ್ಲಿ ಎಳ್ಳು; ಅಷ್ಟು ಬದಲಿಸಿದರೆ ಇದು ಘಟ್ಟದ ಮೇಲಿನ ಖತಖತೆ. ಕಳೆದ ಭೋಗಿಗೆ ಗೆಳತಿಯ ಮನೆಗೆ ಹೋಗಿದ್ದೆ. ಊರಿನ ಹಸಿ ಕಡಲೆ ಸಿಕ್ಕಿರಲಿಲ್ಲ, ಗೋವೆಯ ಅಲಸಂದೆ ಹಾಕಿದ್ದಳು. ಅವರೆಯ ಬದಲು ಬೆಳಗಾವಿಯ ಬಟಾಣಿ. ಜೊತೆಗೆ, ನಾನು ಕೊಟ್ಟಿದ್ದ ಪೊಟ್ಟಣದಿಂದ ನಾಲ್ಕು ತೆಫಳ, ನನಗೂ ಹೇಳದೆ.

ಅವಳ ಗಂಡ ಎರಡನೇ ತುತ್ತಿಗೆ ರೊಟ್ಟಿ ಕೆಳಗಿಟ್ಟ.

"ಏನ್ ಹಾಕೀದಿ ಇದರಾಗ? ನಾಲಿಗಿ ಜುಂ ಅನ್ನಾಕತ್ತೈತಿ."

"ಜುಮ್ಮನಕಾಯಿ," ಅಂದಳು ಇವಳು, ಹಂಚಿನ ಮೇಲಿನ ರೊಟ್ಟಿ ತಿರುವುತ್ತ.

ಅವನು ಒಂದು ಗುಟುಕು ನೀರು ಕುಡಿದು, ಪಲ್ಯದಲ್ಲಿಯ ತೆಫಳವನ್ನು ತಟ್ಟೆಯ ಅಂಚಿಗೆ ಎತ್ತಿಟ್ಟು, ಇನ್ನೊಂದು ರೊಟ್ಟಿಗೆ ಕೈ ಚಾಚಿದ.